ಕೈ ಜೇಬಿನಲ್ಲಿರಲಿ

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ ಡಾ. ವಿಟ್ಲಮ್ ಅವರೇ, ವೇದಿಕೆಯ ಮೇಲಿರುವ ನನ್ನ ಗುರುಗಳೇ, ಬುನಾದಿ ವರ್ಷ ಮುಗಿಸಿ ಮುಂದಿನ ಸಾಲುಗಳಲ್ಲಿ ಕುಳಿತಿರುವ ವಿದ್ಯಾರ್ಥಿಗಳೇ, ವರ್ಷವಿಡೀ ಅವರನ್ನು ಸಹಿಸಿಕೊಂಡ ಮನೆಯವರೇ, ಮತ್ತು ಚಹಾದ ಮೇಜಿಗೆ ಹತ್ತಿರವಾಗಲೆಂದೇ ಹಿಂದೆ ಕುಳಿತಿರುವ ಸಭಿಕರೇ,

ಹಳೆಯ ವಿದ್ಯಾರ್ಥಿಗಳ ಪರವಾಗಿ ಎರಡು ಮಾತು ಆಡಬೇಕೆಂದು ಹೇಳಿದ್ದಾರೆ. ನನ್ನ ಮೊದಲ ಪ್ರಬಂಧದ ಮೇಲೆ ಡಾ. ವಿಟ್ಲಮ್ ಅವರು ‘ಇಲ್ಲಿಗೇ ನಿಲ್ಲಿಸಬಹುದಿತ್ತು’ ಎಂದು ಬರೆದಿದ್ದರು. ಅದೂ ಮೊದಲ ಪುಟದಲ್ಲೇ. ಅವರು ಆಗಲೇ ಗಡಿಯಾರ ನೋಡಿಕೊಳ್ಳುತ್ತಿರುವುದು ನನಗೆ ಕಾಣುತ್ತಿದೆ.

ಬುನಾದಿ ವರ್ಷ ಎಂದರೆ ಏನು? ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಲು ಮೂರು ವರ್ಷದ ಪದವಿ ಬೇಕು. ಆ ಪದವಿಗೆ ಸೇರಲು ಶಾಲೆಯಲ್ಲಿ ಪಡೆದ ಅಂಕ ಬೇಕು. ಅಂಕವಿಲ್ಲದವರು, ಅರ್ಧಕ್ಕೇ ಬಿಟ್ಟವರು ಎಲ್ಲಿಗೆ ಹೋಗಬೇಕು? ಅಂಥವರಿಗಾಗಿ ಈ ಕಾಲೇಜು ಒಂದು ವರ್ಷ ಮುಂಚೆಯೇ ಬಾಗಿಲು ತೆರೆದು, ಬನ್ನಿ, ಕುಳಿತುಕೊಳ್ಳಿ, ಭಿನ್ನರಾಶಿಯಿಂದ ಶುರುಮಾಡೋಣ ಎನ್ನುತ್ತದೆ. ಆ ಬಾಗಿಲಿನಿಂದ ಬಂದವಳು ನಾನು. ಗ್ರಿಮ್ಸ್‌ಬಿಯ ಮೀನಿನ ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುತ್ತಿದ್ದೆ. ಬೆಳಗಿನ ಪಾಳಿ ಮುಗಿಸಿ ನೇರವಾಗಿ ಬಸ್ಸು ಹತ್ತಿದರೆ ನನ್ನ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಓದಿಕೊಳ್ಳಲು ಒಳ್ಳೆಯದೇ ಆಯಿತು.

ಆ ವರ್ಷ ನಮ್ಮನ್ನು ಶಾಲೆಗಳಿಗೆ ನೋಡಿ ಕಲಿಯಲು ಕಳುಹಿಸುತ್ತಾರಲ್ಲ, ನನ್ನನ್ನು ಪಿಕರ್ಸ್‌ಗಿಲ್ ಮೇಡಂ ಅವರ ಒಂದನೇ ತರಗತಿಗೆ ಕಳುಹಿಸಿದರು. ಜನವರಿ ತಿಂಗಳು. ಆಟದ ಹೊತ್ತಿಗೆ ತರಗತಿಯ ಅಷ್ಟೂ ಮಕ್ಕಳು ಕೋಟು ಹಾಕಿಕೊಳ್ಳಬೇಕು. ನಿಮಗೆಲ್ಲ ಗೊತ್ತು, ಕೋಟನ್ನು ನೆಲದ ಮೇಲೆ ತಲೆಕೆಳಗಾಗಿ ಹಾಸಿ, ತೋಳುಗಳಲ್ಲಿ ಕೈ ತೂರಿಸಿ, ತಲೆಯ ಮೇಲಿಂದ ಹಿಂದಕ್ಕೆ ಹಾರಿಸುತ್ತಾರೆ. ಅಲ್ಲಿಯವರೆಗೂ ಹಬ್ಬ. ಆಮೇಲೆ ಜಿಪ್ಪು. ಮನೆಯಲ್ಲಿ ಮಕ್ಕಳನ್ನು ಸಾಕಿ ಈ ಓದಿಗೆ ಬಂದ ನಮ್ಮಂಥವರು ಮಾಡುವ ಮೊದಲ ತಪ್ಪು ಅಲ್ಲೇ ಆಗುತ್ತದೆ. ನಾನು ಮೊಣಕಾಲೂರಿ ಕುಳಿತು ಸರಸರನೆ ಎಲ್ಲರ ಜಿಪ್ಪು ಎಳೆದುಬಿಟ್ಟೆ. ಕಾರ್ಖಾನೆಯ ಕೈ, ಕೇಳಬೇಕೆ? ಮೇಡಂ ಶಭಾಷ್ ಎನ್ನುತ್ತಾರೆ ಅಂದುಕೊಂಡು ತಿರುಗಿದೆ.

‘ಕೈ ಜೇಬಲ್ಲಿರ್ಲಿ’ ಅಂದರು. ‘ಕೆಳಗೆ ಸಿಕ್ಕಿಸಿ ಕೊಡಿ, ಅಷ್ಟೆ. ಎಳೆಯೋದು ಅವರ ಕೆಲಸ.’

‘ಆಟದ ಹೊತ್ತು ಮುಗಿದುಹೋಗುತ್ತೆ ಮೇಡಂ.’

‘ಹೋಗ್ಲಿ ಬಿಡಿ. ನಾಳೆನೂ ಆಟ ಇರುತ್ತೆ.’

ಮರುದಿನ ಟ್ಯಾಬಿತಾ ಎಂಬ ಹುಡುಗಿ ಕೋಟಿನ ಗೂಟಗಳ ಹತ್ತಿರ ಒಬ್ಬಳೇ ಉಳಿದಳು. ನಾನು ಕೆಳತುದಿ ಸಿಕ್ಕಿಸಿ ಕೊಟ್ಟು ಹಿಂದೆ ಸರಿದೆ. ನಾಲಗೆ ಕಚ್ಚಿಕೊಂಡು ಎಳೆಯುತ್ತಾಳೆ, ಅದು ಹೊಟ್ಟೆಯ ಹತ್ತಿರ ಸಿಕ್ಕಿಕೊಳ್ಳುತ್ತದೆ, ಮತ್ತೆ ಬಿಚ್ಚುತ್ತಾಳೆ. ನನ್ನ ಜೇಬಿನೊಳಗೆ ಒಂದು ಬಸ್ ಟಿಕೆಟು ಪುಡಿಪುಡಿಯಾಯಿತು. ಮೀನಿನ ಮಂಜುಗಡ್ಡೆಯಲ್ಲಿ ಕೈಯಿಟ್ಟು ದುಡಿದವಳು ನಾನು. ಆದರೆ ಸುಮ್ಮನೆ ನಿಲ್ಲುವಷ್ಟು ಕಷ್ಟದ ಕೆಲಸವನ್ನು ಅಲ್ಲಿಯವರೆಗೆ ಮಾಡಿರಲಿಲ್ಲ. ಜಿಪ್ಪು ಗದ್ದ ಮುಟ್ಟಿತು, ಆಟ ಮುಗಿದ ಗಂಟೆಯೂ ಹೊಡೆಯಿತು. ಎಲ್ಲರೂ ಒಳಗೆ ಬರುತ್ತಿದ್ದರೆ ಇವಳೊಬ್ಬಳು ಹೊರಗೆ ಓಡಿದಳು. ಖಾಲಿ ಅಂಗಳದಲ್ಲಿ ಒಂದು ಸುತ್ತು ಹಾಕಿ, ಕೆಂಪು ಮೂಗಿನೊಂದಿಗೆ ಮರಳಿ ಬಂದಳು.

‘ಆಟ ಆಡ್ಕೊಂಡು ಬಂದೆ, ಮಿಸ್’ ಅಂದಳು.

ನಾನು ಟೀಚರ್ ಆಗಲೇಬೇಕೆಂದು ನಿಶ್ಚಯಿಸಿದ್ದು ಆ ಗಳಿಗೆಯಲ್ಲಿ. ಈಗ ಬಂದರಿನಾಚೆಯ ಶಾಲೆಯಲ್ಲಿ ನನಗೂ ಒಂದನೇ ತರಗತಿಯಿದೆ.

ಭಾಷಣವನ್ನು ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಈ ವರ್ಷ ಮುಗಿಸಿದವರಲ್ಲಿ ನನ್ನ ತಂಗಿ ಬರ್ನಿಸ್ ಕೂಡ ಇದ್ದಾಳೆ. ಮೂರನೆಯ ಸಾಲು, ಹಸಿರು ಕಾರ್ಡಿಗನ್. ಕಾರ್ಡಿಗನ್ ನಾನೇ ಕೊಡಿಸಿದ್ದು. ಇದನ್ನು ಹೇಳಬೇಕಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಬರ್ನಿಸ್, ತಲೆ ತಗ್ಗಿಸಬೇಡ.

ಚೆನ್ನಾಗಿ ಪಾಸಾಗಿದ್ದಾಳೆ. ಪದವಿಗೆ ಮುಂದುವರಿಯುತ್ತಾಳೋ ಇಲ್ಲವೋ ಎಂಬುದನ್ನು ಶುಕ್ರವಾರದೊಳಗೆ ಕಾಲೇಜಿಗೆ ತಿಳಿಸಬೇಕು. ಭಾನುವಾರ ಊಟವಾದ ಮೇಲೆ ಪಾತ್ರೆ ತೊಳೆಯುತ್ತ ಕೇಳಿದೆ.

‘ಏನೇ, ಏನು ಯೋಚನೆ ಮಾಡಿದೆ?’

‘ಯೋಚನೆ ಮಾಡೋಕೆ ನೀನು ಬಿಟ್ರೆ ತಾನೆ, ಅಕ್ಕ.’

‘ನಾನೇನು ಮಾಡಿದೆ?’

‘ಫ್ಯಾಕ್ಟರಿಗೂ ನೀನೇ ಕರ್ಕೊಂಡು ಹೋದೆ. ಇಲ್ಲಿಗೂ ನೀನೇ ಹೆಸರು ಕೊಟ್ಟೆ. ಇಂಟರ್‌ವ್ಯೂಲಿ ಏನು ಹೇಳ್ಬೇಕು ಅಂತ ಬಾಯಿಪಾಠ ಮಾಡ್ಸಿದ್ದೂ ನೀನೇ. ಮಕ್ಕಳು ಅಂದ್ರೆ ನಂಗಿಷ್ಟ. ಆದ್ರೆ ಟೀಚರ್ ಆಗ್ಬೇಕು ಅನ್ನೋ ಆಸೆ ನಂದೋ ನಿಂದೋ ನಂಗೇ ಗೊತ್ತಾಗ್ತಿಲ್ಲ.’

‘ತಟ್ಟೆ ಒರೆಸು’ ಅಂದೆ.

ನಮ್ಮಮ್ಮ ತೀರಿಕೊಂಡಾಗ ನನಗೆ ಹದಿನಾರು, ಇವಳಿಗೆ ಆರು. ಅಪ್ಪ ಹಡಗಿನ ಕೆಲಸದಲ್ಲಿ, ಸಮುದ್ರದ ಮೇಲೆ. ಆ ಚಳಿಗಾಲ ನಾನು ಶಾಲೆ ಬಿಟ್ಟೆ. ಪ್ರತಿದಿನ ಬೆಳಿಗ್ಗೆ ಇವಳ ಕೋಟಿನ ಜಿಪ್ಪು ಗದ್ದದವರೆಗೆ ಎಳೆದು, ಟೋಪಿ ಕಟ್ಟಿ, ಶಾಲೆಯ ಗೇಟಿನವರೆಗೆ ಬಿಟ್ಟು ಕಾರ್ಖಾನೆಗೆ ಹೋಗುತ್ತಿದ್ದೆ. ತಡವಾದರೆ ಕೂಲಿ ಹೋಗುತ್ತಿತ್ತು. ಅವಳೇ ಎಳೆದುಕೊಳ್ಳಲಿ ಎಂದು ಕಾಯುವಷ್ಟು ಹೊತ್ತು ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ. ಆ ಕೈ ಇನ್ನೂ ನಿಂತಿಲ್ಲ. ಈಗ ಅವಳಿಗೆ ಮೂವತ್ತೈದು.

ಈ ಸಂಜೆ ನಾನೊಂದು ಉಪಾಯ ಮಾಡಿಕೊಂಡು ಬಂದಿದ್ದೆ. ‘ನನ್ನ ತಂಗಿಯೂ ಪದವಿಗೆ ಮುಂದುವರಿಯುತ್ತಿದ್ದಾಳೆ’ ಎಂದು ಈ ಸಭೆಯಲ್ಲಿ ಹೇಳಿಬಿಡುವುದು. ನೀವೆಲ್ಲ ಚಪ್ಪಾಳೆ ತಟ್ಟುತ್ತೀರಿ. ಅಷ್ಟು ಚಪ್ಪಾಳೆಯಾದ ಮೇಲೆ ಇಲ್ಲ ಅನ್ನುವ ಧೈರ್ಯ ಅವಳಿಗೆಲ್ಲಿ ಬರುತ್ತದೆ? ಆ ಮಾತು ನಾಲಗೆಯ ತುದಿಯಲ್ಲೇ ಇತ್ತು. ಆದರೆ ಟ್ಯಾಬಿತಾಳ ಕಥೆ ಹೇಳಿದ ಅದೇ ಬಾಯಲ್ಲಿ ಇದನ್ನು ಹೇಗೆ ಹೇಳಲಿ?

ಬುನಾದಿ ವರ್ಷ ಜಿಪ್ಪಿನ ಕೆಳತುದಿಯನ್ನು ಸಿಕ್ಕಿಸಿ ಕೊಡುತ್ತದೆ. ಅಷ್ಟನ್ನು ಈ ಕಾಲೇಜು ಮಾಡಿದೆ, ಅಷ್ಟನ್ನು ನಾನೂ ಮಾಡಿದ್ದೇನೆ. ಬರ್ನಿಸ್, ಶುಕ್ರವಾರ ನೀನು ಏನು ಹೇಳುತ್ತೀಯೋ ನನಗೆ ಗೊತ್ತಿಲ್ಲ. ನೀನು ಟೀಚರ್ ಆಗಬೇಕೆಂದು ನನಗೆ ತುಂಬ ಆಸೆಯಿದೆ. ಆದರೆ ಅದು ನನ್ನ ಆಸೆ. ನಿನ್ನದು ಏನೆಂದು ನೀನು ನೋಡಿಕೋ. ಹೊತ್ತಾದರೂ ಆಗಲಿ, ಏನು ಯೋಚನೆ ಮಾಡಿದೆ ಎಂದು ನಾನು ಮತ್ತೆ ಕೇಳುವುದಿಲ್ಲ.

ಇಷ್ಟು ಹೊತ್ತು ಕೇಳಿಸಿಕೊಂಡ ಸಭೆಗೂ, ಗಡಿಯಾರ ನೋಡಿದರೂ ಗಂಟೆ ಬಾರಿಸದ ಅಧ್ಯಕ್ಷರಿಗೂ, ಇವತ್ತು ಬರಲಾಗದ ಪಿಕರ್ಸ್‌ಗಿಲ್ ಮೇಡಂ ಅವರಿಗೂ ನನ್ನ ವಂದನೆಗಳು. ಕೈ ಮುಗಿಯುತ್ತಿಲ್ಲವೆಂದು ದಯವಿಟ್ಟು ತಪ್ಪು ತಿಳಿಯಬೇಡಿ, ನನ್ನ ಎರಡೂ ಕೈಗಳು ಈಗ ಜೇಬಿನಲ್ಲಿವೆ. ಬಾಯಲ್ಲೇ ಹೇಳುತ್ತೇನೆ, ನಮಸ್ಕಾರ.