ದೊಡ್ಡವರ ಕೋರ್ಟು ತಪ್ಪಿತು

ಬೇರೊಂದು ಕೇಸಿಗೆ ಸಾಕ್ಷಿ ಹೇಳಲು ಬಂದು ಹೊರಗಿನ ಬೆಂಚಿನಲ್ಲಿ ಕೂತಿದ್ದ ದರ್ಜಿ, ಕೋರ್ಟಿನಲ್ಲಿ ನಗುವವರನ್ನು ಕಂಡದ್ದು ಅದೇ ಮೊದಲು. ಪಕ್ಕದಲ್ಲಿ ಒಬ್ಬ ಅಜ್ಜಿ, ಅವಳ ಸೊಸೆ.

"ಅತ್ತೆ, ಮೆಲ್ಲಗೆ! ಅಂಗಡಿಗೆ ಬೆಂಕಿ ಇಟ್ಟ ಕೇಸು ಇನ್ನೂ ಹಾಗೇ ಇದೆ."

"ಇರಲಿ ಬಿಡೇ. ಹದಿನೆಂಟು ತುಂಬಿಲ್ಲ ಅಂತ ಮಕ್ಕಳ ಕೋರ್ಟಲ್ಲೇ ನಡೆಯುತ್ತಲ್ಲ! ಜಾಮೀನೂ ಸಿಕ್ತು. ಹೋದ ಜೀವ ಬಂದ ಹಾಗಾಯ್ತು."

"ಮನೇಲಿ ಮಗು ಅಂತ ಕರೆದ್ರೆ ನನ್ನ ಮಗ ಸಿಟ್ಟಿಗೆ ಊಟಾನೇ ಬಿಡ್ತಿದ್ದ. ಇವತ್ತು ಜಡ್ಜ್ ಮುಂದೆ 'ನಾನಿನ್ನೂ ಮಗು ಸಾರ್' ಅಂದ್ನಲ್ಲ!"

"ನಮ್ಮ ಲಾಯರ್ರೇ ಫೈಲು ಅಡ್ಡ ಹಿಡ್ಕೊಂಡು ನಕ್ಕರು ಕಣೇ."

ಅಷ್ಟರಲ್ಲಿ ಮೀಸೆ ಚಿಗುರಿದ ಉದ್ದನೆಯ ಹುಡುಗನೊಬ್ಬ ಬಾಗಿಲಲ್ಲಿ ತಲೆ ತಗ್ಗಿಸಿ ಹೊರಬಂದ. ಅಜ್ಜಿ ಗಬಕ್ಕನೆ ಅವನ ಕೈ ಹಿಡಿದಳು.

"ಬಿಡಜ್ಜಿ, ಎಲ್ಲರೂ ನೋಡ್ತಿದಾರೆ."

"ನೋಡ್ಲಿ. ನಿನ್ನನ್ನ ನನ್ನ ಕೈಗೆ ಒಪ್ಸಿದ್ದು ಜಡ್ಜು. ನಡಿ ಮಗೂ."

ಆರಡಿಯ ಮಗು ಅಜ್ಜಿಯ ಕೈ ಹಿಡಿದುಕೊಂಡೇ ಮೆಟ್ಟಿಲಿಳಿಯಿತು.