ದ್ಯಾಮಕ್ಕ ಬೇಡಿದ ಒಂಬತ್ತನೆಯ ಚುಟಿಗೆ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ಎರ್ರಿಯಪ್ಪನವರೇ, ಕಂಪ್ಲಿಯಿಂದ ದಯಮಾಡಿಸಿದ ಅತಿಥಿಗಳೇ, ಇಂದು ಸನ್ಮಾನ ಪಡೆದ ನನ್ನ ಮಗಳು ಡಾಕ್ಟರ್ ಸ್ನೇಹಾ, ಮತ್ತು ಮೆಟ್ರಿಯ ನನ್ನ ಸಮಸ್ತ ಸಭಿಕರೇ,

ಇನ್ನೊಮ್ಮೆ ಹೇಳಲು ಅಪ್ಪಣೆ ಕೊಡಿ: ಡಾಕ್ಟರ್ ಸ್ನೇಹಾ! ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಹೋದರೆ ಕ್ಷಮಿಸಬೇಕು. ನಾನು ಸುಂಕಪ್ಪ. ಮೂವತ್ತು ವರ್ಷ ಈ ಊರಿನ ನೋವುಗಳಿಗೆಲ್ಲ ಕಾದ ಕಬ್ಬಿಣದಿಂದ ಚುಟಿಗೆ ಹಾಕಿದವನು. ಅಧ್ಯಕ್ಷರ ಸೊಂಟದ ಮೇಲೂ ನನ್ನ ರುಜು ಇದೆ. ಅವರು ತೋರಿಸುವುದಿಲ್ಲ, ಅಷ್ಟೇ.

ಮಗಳು ಸಂಶೋಧನೆ ಮಾಡಿದ್ದೇನು? ಖಿನ್ನತೆ ಇರುವವರಿಗೆ ಮೈನೋವು ಏಕೆ ಹೆಚ್ಚು ಎಂಬುದು. ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವಿದೆಯಂತೆ. ನಮ್ಮ ನೀರಗಂಟಿ ತೂಬು ಇಳಿಸಿ ಕಾಲುವೆಯ ನೀರು ತಡೆಯುವಂತೆ, ಮೈಯಿಂದ ಮೇಲೇರುವ ನೋವನ್ನು ತಡೆಯುವುದರಲ್ಲಿ ಅದಕ್ಕೂ ಪಾಲಿದೆಯಂತೆ. ಆ ಕೆಲಸ ಹದಗೆಟ್ಟರೆ ಸಣ್ಣ ನೋವೂ ಗದ್ದೆ ಮುಳುಗಿಸುತ್ತದೆ. "ಅದೊಂದೇ ಕಾರಣ ಅಲ್ಲಪ್ಪಾ, ಇನ್ನೂ ಭಾಳ ಅದಾವ" ಎಂದು ಮಗಳು ಎಚ್ಚರಿಸಿದ್ದಾಳೆ. ಆದರೆ ಆ ನೋವು ಸುಳ್ಳಲ್ಲ. ಇದನ್ನು ಅವಳು ನನಗೆ ಮೂರು ಸಲ ಹೇಳಿದಳು.

ಇವಳಿಗೆ ನೋವಿನ ವಿದ್ಯೆ ಎಲ್ಲಿಂದ ಬಂತು? ನನ್ನ ಮನೆಯಿಂದಲೇ! ನನ್ನ ಹೆಂಡತಿ ದ್ಯಾಮಕ್ಕ, ಅಗೋ ಮೂರನೇ ಸಾಲಿನಲ್ಲಿದ್ದಾಳೆ, ಹನ್ನೆರಡು ವರ್ಷದ ಹಿಂದೆ ಮಾತು ಕಡಿಮೆ ಮಾಡಿದಳು. ಊಟ ಬೇಡ, ನಗುವಿಲ್ಲ. ಬೆನ್ನು ಎಂದಳು, ಬೆನ್ನಿಗೆ ಹಾಕಿದೆ. ಭುಜ ಎಂದಳು, ಭುಜಕ್ಕೆ ಹಾಕಿದೆ. ಹೀಗೆ ಎಂಟು. ಒಮ್ಮೆಯೂ ಅತ್ತವಳಲ್ಲ! ಒಂಬತ್ತನೆಯದನ್ನು ತಾನೇ ಬೇಡಿದಳು: "ಇನ್ನೊಂದು ಹಾಕ್ರಿ. ಅದು ಉರಿಯೋ ತನಕನಾದ್ರೂ ಒಳಗಿಂದು ಮರೀತೀನಿ."

ಅದನ್ನೂ ಹಾಕಿದೆ. ಈ ಮಾತನ್ನು ನಾನು ಊರೂರಲ್ಲಿ ಹೇಳಿಕೊಂಡು ತಿರುಗಿದ್ದೇನೆ. ನೋಡಿ ನನ್ನ ಕೈಗುಣ ಎಂದು! ಮತ್ತೆ ನೋವು ಎಂದಾಗ, "ನಾಟಕ ಮಾಡಬ್ಯಾಡ" ಎಂದೆ. ಆಮೇಲೆ ಅವಳು ಹೇಳಲೇ ಇಲ್ಲ. ಹಾಸ್ಟೆಲಿನಲ್ಲಿದ್ದ ಮಗಳಿಗೂ "ನಿಮ್ಮವ್ವಗ ಆರಾಮ ಆತು" ಎಂದುಬಿಟ್ಟೆ.

ಹೋದ ವರ್ಷ ಆ ಒಂಬತ್ತರ ಕಥೆಯನ್ನು ಮಗಳಿಗೂ ಹೇಳಿದೆ, ಅವಳ ಪ್ರಬಂಧಕ್ಕೆ ಉಪಯೋಗವಾಗಲಿ ಎಂದು. ಅವಳು ಪೆನ್ನು ಕೆಳಗಿಟ್ಟಳು. ಒಳಗೆ ಹೋಗಿ ತಾಯಿಯ ಬೆನ್ನ ಮೇಲೆ ಕೈಯಿಟ್ಟು ಕೂತಳು. ಮರುದಿನವೇ ಹೊಸಪೇಟೆಯ ಮಾನಸಿಕ ವೈದ್ಯರಲ್ಲಿಗೆ ಕರೆದೊಯ್ದಳು. ನನಗೆ ನಾಚಿಕೆಯಾಯಿತು, ಸಭಿಕರೇ. ಈಗಲೂ ಆಗುತ್ತಿದೆ. ಅಂದಿನಿಂದ ಕಬ್ಬಿಣ ಕಾಯಿಸಿಲ್ಲ.

ಚಿಕಿತ್ಸೆ ಇನ್ನೂ ನಡೆಯುತ್ತಿದೆ. ಮೊನ್ನೆ ಸಾರಿಗೆ ಉಪ್ಪು ಜಾಸ್ತಿ ಹಾಕಿದ್ದಕ್ಕೆ ದ್ಯಾಮಕ್ಕ ನನ್ನನ್ನು ಬೈದಳು. ಹನ್ನೆರಡು ವರ್ಷದ ಮೇಲೆ ಬೈಗುಳ! ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಮಗಳ ಪದವಿಯಷ್ಟೇ ಹೆಮ್ಮೆ ನನಗೆ ಆ ಬೈಗುಳದ್ದೂ ಇದೆ.

ಈ ಸನ್ಮಾನ ಏರ್ಪಡಿಸಿದ ಸಂಘದವರಿಗೆ, ಮೈಕಿನವರಿಗೆ, ಇಷ್ಟು ಹೊತ್ತು ಸಹಿಸಿದ ನಿಮಗೆ ನಾನು ಋಣಿ. ಭಾಷಣ ಇನ್ನೂ ಎರಡು ಹಾಳೆ ಇದೆ. ಆದರೆ ಮೂರನೇ ಸಾಲಿನಿಂದ ದ್ಯಾಮಕ್ಕ, ಸಾಕು ಕುಂದ್ರಿ ಎಂದು ಕೈಸನ್ನೆ ಮಾಡುತ್ತಿದ್ದಾಳೆ. ಅಂದು ಅವಳ ಮಾತು ಕೇಳಲಿಲ್ಲ. ಇಂದು ಕೇಳುತ್ತೇನೆ.

ನಮಸ್ಕಾರ.