ಸುಂದ್ರವ್ವನ ಮಾತಿಗೆ ನಾನು ಹಾಕಿದ ನಗು

ವೇದಿಕೆಯ ಮೇಲಿನ ಹಿರಿಯರೆ, ಗೋಕಾಕ, ಮೂಡಲಗಿ, ಹುಕ್ಕೇರಿಯಿಂದ ಬಂದಿರುವ ವರದಿಗಾರ ಮಿತ್ರರೆ, ಮತ್ತು ಶಿವಗಂಗವ್ವ ಕಾಕು — ನಿಮ್ಮ ಯಜಮಾನರಾದ ಕಾಶಿನಾಥ ಸರ್ ಅವರ ಫೋಟೋದ ಮುಂದೆ ನಿಂತು ಮಾತನಾಡುವ ಯೋಗ್ಯತೆ ನನಗಿಲ್ಲ. ಆದರೂ ನಿಂತಿದ್ದೇನೆ.

ಕಾಶಿನಾಥ ಸರ್ ನಮ್ಮ ಕೇಬಲ್ ಚಾನೆಲ್‌ನಲ್ಲಿ ಹದಿನೆಂಟು ವರ್ಷ ಸಂಜೆ ಏಳರ ಸಂದರ್ಶನ ಮಾಡಿದರು. ನಾನು, ಅಜಿತ, ಆರು ವರ್ಷದಿಂದ ರಾತ್ರಿ ಹತ್ತೂವರೆಯ ಹರಟೆ ನಡೆಸುತ್ತೇನೆ. ನನ್ನ ಮುಖ ನಿಮಗೆಲ್ಲ ಗೊತ್ತು. ಅದೇ ಹೇಸಿಗೆ.

ಸರ್ ಒಂದು ಪ್ರಶ್ನೆ ಕೇಳಿ, ಮೈಕ್ ಹೀಗೆ ಹಿಡಿದು — ಸುಮ್ಮನೆ ಕೂಡುತ್ತಿದ್ದರು. ಎದುರಿನವರು ಬೆವೆತರೂ ಬಿಡುತ್ತಿರಲಿಲ್ಲ. ಅವರು ಬೆವರಿಳಿಸಿದ ಅಧಿಕಾರಿಯನ್ನೇ ನಾನು ಸೋಫಾದ ಮೇಲೆ ಕೂರಿಸಿ, ಹಾಡು ಹಾಡಿಸಿ, ಚಪ್ಪಾಳೆ ಹೊಡೆಸಿ ಕಳಿಸುತ್ತಿದ್ದೆ. ಥೂ, ಇದೂ ಒಂದು ಬಾಳೇನ್ರಿ?

ಅವರದು ಇನ್ನೊಂದು ಪದ್ಧತಿ. ಹಳ್ಳಿಯವರ ಸಂದರ್ಶನ ಮುಗಿದ ಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತು ಪೂರ್ತಿ ರೆಕಾರ್ಡಿಂಗ್ ತೋರಿಸುತ್ತಿದ್ದರು. "ನೀವು ಹೇಳಿದ್ದು ಇಷ್ಟ ಐತಿಲ್ರಿ? ಹಾಕ್ಲಿ?" ಹೂಂ ಅಂದರೆ ಮಾತ್ರ ಪ್ರಸಾರ. ಅಧಿಕಾರಿಗಳಿಗೆ ತೋರಿಸುತ್ತಿರಲಿಲ್ಲ. ಅವರಿಗೆ ತಮ್ಮ ಮಾತು ಕಾಯ್ದುಕೊಳ್ಳಲು ಬರುತ್ತದೆ ಅನ್ನುತ್ತಿದ್ದರು.

ಕುಲಗೋಡದ ಸುಂದ್ರವ್ವನಿಗೂ ಹಾಗೇ ತೋರಿಸಿ ಒಪ್ಪಿಗೆ ಪಡೆದಿದ್ದರು. ನಳದ ಹೊಲಸು ನೀರು ಕುಡಿದು ಆಕೆಯ ಮೊಮ್ಮಗಳು ತೀರಿಕೊಂಡಿದ್ದಳು. ಆ ನೀರನ್ನು ಬಾಟಲಿಯಲ್ಲಿ ಹಿಡಿದು ಕಚೇರಿಗೆ ಹೋಗಿದ್ದನ್ನು ಸುಂದ್ರವ್ವ ಅಳುತ್ತ ಹೇಳಿದ್ದರು: "ಸಾಹೇಬ್ರ, ನೀವs ಒಂದ್ ಗುಟುಕ ಕುಡೀರಿ ಅಂದೆ." ನಾನೇನು ಮಾಡಿದೆ? ಸರ್ ರೆಕಾರ್ಡಿಂಗ್‌ನಿಂದ ಆ ಒಂದು ಮಾತನ್ನಷ್ಟೇ ಕತ್ತರಿಸಿ ತೆಗೆದು, ಸತ್ತ ಕೂಸಿನ ಸುದ್ದಿ ಬಿಟ್ಟು, ಹಿಂದೆ ನಗುವಿನ ಸದ್ದು ಹಾಕಿ ಹರಟೆಯಲ್ಲಿ ಬಿಟ್ಟೆ. ಒಂದು ಸಲವಲ್ಲ — ಮೂರು ಸಲ. ಉರಿಯುವ ಮನೆಯ ಗಳ ಹಿರಿದೆ. ನೀವೂ ಮೊಬೈಲಿನಲ್ಲಿ ನೋಡಿ ನಕ್ಕಿರಿ, ಈಗ ತಲೆ ತಗ್ಗಿಸಬೇಡಿ. ನಮ್ಮ ಮಾಲೀಕರು ಕರದಂಟು ಹಂಚಿದರು. ನಾನೂ ತಿಂದೆ.

ನಳದ ಹತ್ತಿರ ಜನ ಆ ತಾಯಿಯನ್ನು ಕಂಡರೆ "ಒಂದ್ ಗುಟುಕ ಕುಡೀರಿ" ಅನ್ನತೊಡಗಿದರು. ಸರ್ ಬಸ್ಸು ಹಿಡಿದು ಕುಲಗೋಡಕ್ಕೆ ಹೋದರು. ಆಕೆ ಅರ್ಧ ಬಾಗಿಲು ತೆರೆದು, "ತೋರ್ಸಿದ್ದೊಂದು, ಹಾಕಿದ್ದೊಂದು. ನಿಮ್ಮನ್ನ ನಂಬಿದ್ನೆಲ್ರಿ" ಅಂದರಂತೆ. ಸರ್ ನನ್ನ ಹೆಸರು ಹೇಳಲಿಲ್ಲ. "ತಪ್ಪು ನಂದs ಯವ್ವಾ" ಅಂದು ಬಂದರು. ಆಮೇಲೆ ಏಳರ ಸಂದರ್ಶನಕ್ಕೆ ಕೂರಲೇ ಇಲ್ಲ. ಇನ್ನು ಯಾರ ಮುಂದೆ ಮೈಕ್ ಹಿಡಿಯಲಿ ಅಂತ ಕಾಕು ಹತ್ತಿರ ಅಂದಿದ್ದರಂತೆ. ಮೂರೇ ವಾರಕ್ಕೆ ಹೃದಯಾಘಾತ.

ಇಲ್ಲಿ ಎಲ್ಲರೂ ಅವರನ್ನು ಹೊಗಳಿದಿರಿ. ಆದರೆ ಒಬ್ಬರ ಮನಸ್ಸಿನಲ್ಲಿ ಅವರು ಈ ಗಳಿಗೆಗೂ ಮೋಸಗಾರ. ಆಕೆ ಅಲ್ಲಿ, ಬಾಗಿಲ ಬಳಿ ಕೂತಿದ್ದಾರೆ. ನಿನ್ನೆ ನಾನೇ ಹೋಗಿ, ಕಾಲಿಗೆ ಬಿದ್ದು ಕರೆದೆ. ಕಾರಣ ಹೇಳಿರಲಿಲ್ಲ.

ಸುಂದ್ರವ್ವಾ, ಕಾಶಿನಾಥ ಸರ್ ನಿಮಗೆ ಮೋಸ ಮಾಡಿಲ್ರಿ. ನಿಮಗೆ ತೋರಿಸಿದ್ದನ್ನೇ, ಒಂದಕ್ಷರ ಬಿಡದೆ, ಏಳಕ್ಕೆ ಹಾಕಿದ್ದರು. ಕತ್ತರಿಸಿದವನು ನಾನು. ನಗು ಹಾಕಿದವನು ನಾನು.

ಬಂಧುಗಳೆ, ಎಲ್ಲರೂ ಎದ್ದು ನಿಲ್ಲಿ. ಮಾಲೀಕರೆ, ನೀವೂ. ಒಂದು ನಿಮಿಷದ ಮೌನ ಸರ್‌ಗೆ. ಇನ್ನೊಂದು ನಿಮಿಷ — ಕಾಜಲ್‌ಗೆ. ಆ ಕೂಸಿನ ಹೆಸರು ಕಾಜಲ್, ಐದು ವರ್ಷ.

ಸುಂದ್ರವ್ವಾ, ನೀವು ಏಳಬ್ಯಾಡ್ರಿ. ನಿಲ್ಲಬೇಕಾದವರು ನಾವು.